ಎಡಹುರಿ

ಹಾವೇರಿಯ ನಮ್ಮ ಪಡಸಾಲೆಯಲ್ಲಿ
ಏಲಕ್ಕಿ ಹಾರಕ್ಕೆ ರೇಷ್ಮೆ ಎಳೆ ಹೊಸೆಯುವಾಗ
ಜೈತುನ ಖಾಲಾ ನನ್ನನ್ನು ದೂರ ಕೂರಿಸುತ್ತಿದ್ದಳು.
ತೊಡೆಯ ಮೇಲಿಟ್ಟು ಅವಳ ಬಲಗೈ ಉಜ್ಜಿ ಬಿಗಿದದ್ದು
ನನ್ನ ಎಡಗೈ ಮುಂದುವರಿಸಿದರೆ
ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತಿತ್ತು.
"ಏನ್ ಕೈಯವ್ವಾ ನಿಂದು,
ನಾ ಹೊಸದದ್ದೆಲ್ಲಾ ಬಿಚ್ಚಿ ಹಾಕತೈತಿ!"
ಬೈಗುಳವೆಂದೇ ತಿಳಿದಿದ್ದೆ ಬಹಳ ವರ್ಷ.

ಈಗ ಧಾರವಾಡ. ರಾತ್ರಿ ಎರಡೂವರೆ.
ಪಂಪಿನ ಗೊರಕೆ. ಉಕ್ಕಿನ ಡಬ್ಬಿಯೊಳಗೆ
ಹೀಲಿಯಂ ಕುಡಿದು ಕೂತ ಚಳಿ,
ಚಳಿಯ ತಳದಲ್ಲಿ ಎಳ್ಳುಕಾಳಿನಷ್ಟು ಚಿಪ್,
ಅದರಲ್ಲಿ ಜರಡಿಯಂತೆ ತೂತು ಕೊರೆದು ಬಿಟ್ಟ ಹಾದಿ,
ಹಾದಿಯಲ್ಲೊಂದು ಚುಕ್ಕೆ.
ಬರೆಯುವಾಗ ಕ್ವಾಂಟಮ್ ಚುಕ್ಕೆ,
ಮಾತಿನಲ್ಲಿ ಬರೀ 'ಅದು'.
ಅದು ಎದ್ದೈತೇನ? ಅದು ಇವತ್ತ ಮುನಿಸಿಕೊಂಡೈತಿ.

ಲೇಸರಿನಿಂದ ತಟ್ಟಿದರೆ
ಒಂದು ಬೆಳಕಿನ ಕಾಳು ಉದುರುತ್ತದೆ.
ಒಂದೇ.
ಮತ್ತೆ ತಟ್ಟಿದರೆ ಮತ್ತೊಂದು.
ಸುಮ್ಮನೆ ಹೊರಡುವ ಜಾತಿಯಲ್ಲ ಅದು,
ಮೈಗೆ ಹುರಿ ಹಾಕಿಕೊಂಡೇ ಹೊರಡುತ್ತದೆ,
ಎಡಹುರಿಯದು ಎಡಕ್ಕೆ, ಬಲಹುರಿಯದು ಬಲಕ್ಕೆ.
ನಡುವೆ ಕನ್ನಡಿಯಿಲ್ಲ, ಕದವಿಲ್ಲ, ಕೈಮರವಿಲ್ಲ.

ಚುಕ್ಕೆ ಹಾದಿಯ ನಟ್ಟನಡುವೆ ಕೂತಿದ್ದರೆ
ಇದ್ಯಾವುದೂ ನಡೆಯುವುದಿಲ್ಲ.
ಐವತ್ತು ಆಚೆ, ಐವತ್ತು ಈಚೆ,
ಯಾವ ಹುರಿಗೂ ಕಿಮ್ಮತ್ತಿಲ್ಲ.
ತುಸು ಅಂಚಿಗೆ ಸರಿದು ಕೂತಿರಬೇಕು,
ತಲೆಗೂದಲ ದಪ್ಪದಲ್ಲಿ ಸಾವಿರದ ಒಂದು ಪಾಲಿನಷ್ಟು.
ಆಗಲೇ ಬೆಳಕಿಗೆ ದಿಕ್ಕು.

ಮೂರನೇ ಇಯತ್ತೆಯ ಬಡಿಗೇರ ಮಾಸ್ತರು
ನನ್ನ ಎಡಗೈಯನ್ನು ಬೆಂಚಿನ ಕಾಲಿಗೆ ಕಟ್ಟಿದ್ದರು,
ನನ್ನದೇ ಜಡೆಯ ಕೆಂಪು ರಿಬ್ಬನ್ನಿನಿಂದ.
ಬಲಗೈ ಬರೆದ 'ಅ'
ಕೋಳಿ ಕೆದರಿದ ಅಂಗಳದಂತಿತ್ತು.
ಕೆಟ್ಟವರಲ್ಲ ಮಾಸ್ತರು.
ಸೀತಾಫಲದ ಕಾಲಕ್ಕೆ ಚೀಲದಲ್ಲಿ ಹಣ್ಣು ತರುತ್ತಿದ್ದರು,
ಕೊಡುತ್ತಿದ್ದರು,
ಬಲಗೈ ಚಾಚುವವರೆಗೆ ಕಾದು.

ಬೆಳಗಾದರೆ ಇನಾಮತಿ ಸರ್ ಬರುತ್ತಾರೆ.
ಆಗುವ ಮಾತು ಈಗಲೇ ಗೊತ್ತು.
"ಎಷ್ಟ ಬಂತು?"
ಎಡಹುರಿ ಕರೆದಾಗ
ನೂರಕ್ಕೆ ತೊಂಬತ್ತಮೂರು ಎಡಕ್ಕೆ ಹೋದವು ಸರ್.
"ಉಳಿದ ಏಳು?"
ಚುಕ್ಕೆ ಕೂರಬೇಕಾದ ಜಾಗದಲ್ಲಿ ಕೂತಿಲ್ಲ.
"ಸರಸಾಕ ಬರಂಗಿಲ್ಲೇನು?"
ಬರಂಗಿಲ್ಲ ಸರ್. ಹರಳು ಬೆಳೆಯುವಾಗ
ಎಲ್ಲಿ ಬಿತ್ತೋ ಅದೇ ಅದರ ಊರು.
ಅದನ್ನು ಇದ್ದಲ್ಲೇ ಬಿಟ್ಟು
ಹಾದಿಯನ್ನೇ ಹೊಸದಾಗಿ ಕೊರೆಯಬೇಕು,
ಅದು ಎಲ್ಲಿದೆಯೆಂದು ಮೊದಲು ನೋಡಿಕೊಂಡು.
ಸರ್ ಕನ್ನಡಕ ಒರೆಸುತ್ತಾರೆ.
ಆಮೇಲೆ ಹೀಲಿಯಂ ಬಿಲ್ಲಿನ ವಿಷಯ ತೆಗೆಯುತ್ತಾರೆ.

ದಾಖಲೆ ಪುಸ್ತಕಕ್ಕೆ ಎಡಗೈಲೇ ಬರೆಯುತ್ತೇನೆ.
ಬರೆದ ಸಾಲಿನ ಮೇಲೆಯೇ ಕೈ ಹಾಯುತ್ತದೆ,
ಮಸಿ ಹರಡುತ್ತದೆ, ಅಂಗೈ ಅಂಚು ನೀಲಿ.
ಎಂಟು ಮೂರರಂತೆ, ಮೂರು ಎಂಟರಂತೆ.
ಕಂಪ್ಯೂಟರಿನಲ್ಲಿ ಎಲ್ಲ ಇದೆ, ಚಿಂತೆಯಿಲ್ಲ,
ಆದರೂ ಬರೆಯುತ್ತೇನೆ.

ಹೋದ ವಾರ ಖಾಲಾ ಫೋನು ಮಾಡಿದ್ದಳು.
ಕಣ್ಣಿಗೆ ಪೊರೆ, ಎಳೆಗಳನ್ನು ಈಗ
ಬೆರಳಿಂದಲೇ ಎಣಿಸುತ್ತಾಳಂತೆ.
"ಇಡೀ ರಾತ್ರಿ ಏನ್ ಮಾಡತೀಯ ಅಲ್ಲಿ?"
ಏನು ಹೇಳಲಿ?
"ಬೆಳಕಿನ ಹುರಿ ನೋಡತೀನಿ ಖಾಲಾ."
ಆ ಕಡೆ ಮಿಕ್ಸರ್ ನಿಂತಿತು.
"ಯಾವ ಕೈಲೆ?"

ಎಡದ ಎಣಿಕೆಪೆಟ್ಟಿಗೆ ಟಿಕ್ ಎನ್ನುತ್ತದೆ.
ಟಿಕ್. ಟಿಕ್ ಟಿಕ್.
ಕಿಟಕಿಯಾಚೆ ಬೇಲೂರಿನ ಕಾರ್ಖಾನೆಗೆ ಪಾಳಿ ಬಸ್ಸು.
ಟಿಕ್.
ಬಹಳ ಹೊತ್ತಿನ ಮೇಲೆ
ಬಲದ್ದು, ಒಂದು.